ಭಾವನವರ ಗಡಿಯಾರಗಳೂ ಅಕ್ಕನ ನೆಲವೂ

ನಮ್ಮ ಭಾವನವರು ಗಡಿಯಾರ ರಿಪೇರಿ ಮಾಡುವವರು. ಮೂವತ್ತು ವರ್ಷದಿಂದ ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತು ಊರಿನ ಕೆಟ್ಟ ಹೊತ್ತನ್ನೆಲ್ಲ ನೇರ ಮಾಡಿದವರು. ಹಾಗಾಗಿ ಅವರ ಮಗಳು ತಂದ ನಾಯಿಮರಿ ಮೊದಲ ದಿನವೇ ಸೋಫಾ, ಅಕ್ಕನ ಚಪ್ಪಲಿ, ಭಾವನವರ ಇಸ್ತ್ರಿ ಪ್ಯಾಂಟು ಮೂರನ್ನೂ ತೋಯಿಸಿದಾಗ ಅವರು ಎದೆಗುಂದಲಿಲ್ಲ. ಅಕ್ಕ ಮಾತ್ರ ಅದಕ್ಕೆ 'ನಲ್ಲಿ' ಎಂದು ಹೆಸರಿಟ್ಟಳು.

ಎದೆಗುಂದಿಸಿದವರು ಮಹಡಿಯ ಮೇಲಿದ್ದ ಓನರಮ್ಮ. ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿ ನಿವೃತ್ತರಾದವರು, ಕೆಳಗಿನ ಬಾಡಿಗೆ ಮನೆಗೆ ಆಗಷ್ಟೇ ಮರದ ನೆಲ ಹಾಕಿಸಿದ್ದರು. "ಮುಂದಿನ ತಿಂಗಳು ಮೊದಲನೇ ಭಾನುವಾರ ಬಂದು ನೋಡ್ತೀನಿ. ಒಂದು ಹನಿ ಕಂಡ್ರೂ ನಾಯಿ ಈ ಮನೇಲಿರಲ್ಲ" ಎಂದರು. ಮಗಳು ಬಾಗಿಲು ಹಾಕಿಕೊಂಡು ಅತ್ತಳು. ಭಾವನವರು ತಮಗೇನೂ ಇಲ್ಲವೆಂಬಂತೆ ಪೇಪರ್ ಓದಿದರು, ತಲೆಕೆಳಗಾಗಿ ಹಿಡಿದುಕೊಂಡು.

ಮರುದಿನವೇ ತರಬೇತಿಯ ಮಹಾಯುದ್ಧ ಶುರುವಾಯಿತು. ಗಡಿಯಾರದವರಿಗೆ ಗಡಿಯಾರವೇ ಆಯುಧ. ಒಂದು ಕೈಯಲ್ಲಿ ನಲ್ಲಿ, ಇನ್ನೊಂದರಲ್ಲಿ ಗಂಟೆ ಹೊಡೆಯುವ ಟೇಬಲ್ ಗಡಿಯಾರ ಹಿಡಿದು ಬೀದಿದೀಪದ ಕಂಬಕ್ಕೆ ಹೋಗುವರು. ಮರಿ ಕುಕ್ಕರಿಸಿದ ಕ್ಷಣಕ್ಕೆ ಸರಿಯಾಗಿ ಅದರ ಕಿವಿಯ ಬಳಿ ಢಣ್ ಅನ್ನಿಸುವರು. ಮುಗಿದೊಡನೆ ಬಿಸ್ಕತ್ತು ಕೊಡುವರು. ಬೀದಿಯವರು ಕಿಟಕಿಗಳಲ್ಲಿ ಸಾಲಾಗಿ ನಿಂತು ನೋಡಿದರು. ಹತ್ತೇ ದಿನಕ್ಕೆ ಗಂಟೆ ಹೊಡೆದರೆ ಸಾಕು, ನಲ್ಲಿ ಹರಿಯತೊಡಗಿತು. ಭಾವನವರು ಗೆದ್ದ ಸೇನಾಪತಿಯಂತೆ ಮೀಸೆ ನೇವರಿಸಿಕೊಂಡರು.

ಮರಿ ಕಲಿತದ್ದು ಗಂಟೆಯನ್ನು, ಕಂಬವನ್ನಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವರದೊಂದು ಹಳೆಯ ಪದ್ಧತಿ: ರಿಪೇರಿಯಾದ ಗಡಿಯಾರವನ್ನು ಏಳು ದಿನ ಓಡಿಸಿ ನೋಡದೆ ಗಿರಾಕಿಗೆ ಕೊಡುವುದಿಲ್ಲ. ಅಂಗಡಿ ಬೆಂಕಿಪೊಟ್ಟಣದಷ್ಟು. ಆದ್ದರಿಂದ ಆ ಗೋಡೆ ಗಡಿಯಾರಗಳೆಲ್ಲ ಮನೆಯ ಹಾಲಿನಲ್ಲೇ ನೇತಾಡುತ್ತಿದ್ದವು, ಒಟ್ಟು ಹನ್ನೊಂದು. ಯಾವುದಕ್ಕೂ ಇನ್ನೊಂದರ ಜೊತೆ ಮಾತುಕತೆಯಿಲ್ಲ. ಹತ್ತಕ್ಕೆ ಎರಡು ನಿಮಿಷವಿರುವಾಗ ಮೊದಲನೆಯದು ಶುರುಮಾಡಿದರೆ ಹತ್ತೂ ಐದಕ್ಕೆ ಕೊನೆಯದು ಮುಗಿಸುತ್ತಿತ್ತು. ಪಾಪ, ಆ ಪುಟ್ಟ ಜೀವ ಆಜ್ಞಾಪಾಲನೆಗಾಗಿ ಹಾಲಿನ ತುಂಬ ಓಡಾಡಿ, ಇದ್ದದ್ದನ್ನೆಲ್ಲ ಕಂತುಕಂತಾಗಿ ಅರ್ಪಿಸುತ್ತಿತ್ತು. ಅಕ್ಕ ಬಟ್ಟೆ ಹಿಡಿದು ಹಿಂದೆಯೇ ಹರಿದಾಡುತ್ತಿದ್ದಳು. "ಮುಂಚೆ ಇದು ಬೇಕಾದಾಗ ಮಾಡ್ತಿತ್ತು. ಈಗ ನೀವು ಹೇಳಿದಾಗ್ಲೆಲ್ಲ ಮಾಡತ್ತೆ. ಎಂಥಾ ಶಿಸ್ತು ರೀ" ಎಂದಳು.

ಭಾನುವಾರ ಬೆಳಿಗ್ಗೆ ಭಾವನವರು, ಮದುವೆಯಾದ ಮೇಲೆ ಮೊದಲ ಸಲ, ಮನೆಯ ಗಡಿಯಾರಗಳ ಲೋಲಕಗಳನ್ನೆಲ್ಲ ಒಂದೊಂದಾಗಿ ಹಿಡಿದು ನಿಲ್ಲಿಸಿದರು. ಎಷ್ಟು ನಿಶ್ಶಬ್ದವಾಯಿತೆಂದರೆ ಅಕ್ಕ ತನ್ನ ಕಿವಿಯೇ ಹೋಯಿತೇನೋ ಎಂದು ಚಮಚ ಬಡಿದು ನೋಡಿಕೊಂಡಳು.

ಓನರಮ್ಮ ಬಂದರು. ಮೊಣಕಾಲೂರಿ ನೆಲ ಸವರಿದರು, ಸೋಫಾ ಸರಿಸಿದರು, ಮೂಸಿದರು. ಒಣಗಿತ್ತು. ಮಗಳ ಮುಖ ಅರಳುತ್ತಿದ್ದ ಹಾಗೆಯೇ ಅವರು ಚೀಲದಿಂದ ಹಳೆಯ ಗಡಿಯಾರವೊಂದನ್ನು ತೆಗೆದು, "ಇದ್ರ ಗಂಟೆ ಯಾಕೋ ಸರಿಯಿಲ್ಲ, ಕೇಳಿ" ಎಂದು ಮುಳ್ಳು ತಿರುಗಿಸಿದರು.

ಢಣ್.

ನಲ್ಲಿ ಹಾಲಿನ ನಟ್ಟನಡುವೆ ಕುಕ್ಕರಿಸಿತು. ಐವತ್ತೆಂಟು ವರ್ಷದ ಭಾವನವರು ಅದನ್ನು ಎದೆಗವಚಿಕೊಂಡು ಬಾಗಿಲು ದಾಟಿ ಹಾರಿದರು. ಒಂದು ಹನಿಯೂ ಮರದ ನೆಲದ ಮೇಲೆ ಬೀಳಲಿಲ್ಲ. ಬಿದ್ದದ್ದೆಲ್ಲ ಅಂಗಿಯ ಮೇಲೆ. ಓನರಮ್ಮ ಕಿಟಕಿಯಿಂದ ನೋಡುತ್ತಿದ್ದರು. ತಾವು ಕಂಡ ಎಷ್ಟೋ ರೋಗಿಗಳಿಗೂ ಇಷ್ಟು ಸೂಕ್ಷ್ಮ ಇರಲಿಲ್ಲ, ಗಂಟೆ ಕೇಳಿದೊಡನೆ ಕೂತು ಹೊರಗೆ ಹೋಗಬೇಕೆಂದು ತಿಳಿಸುತ್ತದಲ್ಲ ಎಂದು ಮೆಚ್ಚಿಕೊಂಡು, "ನಾಯಿ ಇರ್ಲಿ ಬಿಡಿ" ಎಂದರು.

ಮಗಳು ಅಪ್ಪನ ಕೊರಳಿಗೆ ಜೋತುಬೀಳಲು ಓಡಿದವಳು, ಹತ್ತಿರ ಬಂದು ವಾಸನೆಗೆ ನಿಂತುಬಿಟ್ಟಳು. ಓನರಮ್ಮ ಗಡಿಯಾರವನ್ನು ಸೋಫಾದ ಮೇಲಿಟ್ಟು, ಏಳು ದಿನ ಚೆನ್ನಾಗಿ ಓಡಿಸಿ ನೋಡಿಯೇ ಕೊಡಬೇಕೆಂದು ಹೇಳಿ ಮಹಡಿ ಹತ್ತಿದರು.