ಹೆಂಡತಿ ಬರಲೆಂದು ಗೆದ್ದ ತೀರ್ಪು

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನನ್ನ ಹೆಂಡತಿಗೆ ಯಳಂದೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ನಾನು ಮುಳ್ಳೂರಿನಲ್ಲಿ ರೇಷ್ಮೆಹುಳ ಸಾಕುತ್ತಿದ್ದವನು. ಅವಳು ಅಲ್ಲೇ ಒಂದು ರೂಮು ಹಿಡಿದು ಶನಿವಾರ ಊರಿಗೆ ಬರುತ್ತಿದ್ದಳು. ಬಂದವಳ ಬಾಯಲ್ಲಿ ಬರೀ ಶಾಲೆಯ ಮಾತು. ಅದರಲ್ಲೂ ಲೆಕ್ಕದ ಮೇಷ್ಟ್ರು ಹಾಗಂದರು, ಹೀಗಂದರು. ಆ ಮನುಷ್ಯ ದಿನಾ ಇಸ್ತ್ರಿ ಮಾಡಿದ ಅಂಗಿ ತೊಡುತ್ತಾನಂತೆ. ಅದನ್ನು ನನಗೇಕೆ ಹೇಳಬೇಕು? ನನ್ನ ಅಂಗಿಯ ತುಂಬ ಹಿಪ್ಪುನೇರಳೆ ಸೊಪ್ಪಿನ ಕಲೆ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಒಂದು ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕುವುದನ್ನು ಅವ್ವನಿಗೆ ಬಿಟ್ಟು ಬಸ್ಸು ಹತ್ತಿದೆ. ಶಾಲೆಯ ಜಗಲಿಯಲ್ಲಿ ಇಬ್ಬರೂ ನಿಂತು ನಗುತ್ತಿದ್ದರು. ನನ್ನ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದೇ ಇಲ್ಲ.

"ಸಾಕು ನಡಿಯಮ್ಮಿ ಊರ್ಗೆ, ನೀ ಪಾಠ ಏಳದು ಕಂಡಿವ್ನಿ" ಎಂದು ಮಕ್ಕಳೆದುರೇ ಕೂಗಾಡಿದೆ. ಮೇಷ್ಟ್ರು ತಲೆ ತಗ್ಗಿಸಿ ಒಳಗೆ ಹೋದರು. ಅಂದಿನಿಂದ ಅವಳು ಶನಿವಾರ ಬರುವುದನ್ನೂ ನಿಲ್ಲಿಸಿದಳು.

ಹೆಂಡತಿ ಕಾರಣವಿಲ್ಲದೆ ದೂರವಿದ್ದರೆ, ಹೋಗಿ ಗಂಡನ ಜೊತೆ ಬಾಳು ಎಂದು ಕೋರ್ಟೇ ಹೇಳುತ್ತದೆ ಎಂದರು ಕೊಳ್ಳೇಗಾಲದ ವಕೀಲರೊಬ್ಬರು. ನನಗೆ ಸ್ವರ್ಗ ಮೂರೇ ಗೇಣು. ಕೇಸು ಹಾಕಿಯೇ ಬಿಟ್ಟೆ.

ಹೆಂಡತಿ ಯಾಕೆ ಬೇಕು ಎಂದು ಜಡ್ಜು ಕೇಳಿದರು. ಅವಳು ಎದುರಿಗೇ ನಿಂತಿದ್ದಳು. ಅವಳಿಲ್ಲದೆ ಅನ್ನ ಸೇರುವುದಿಲ್ಲ ಎನ್ನಬೇಕಿತ್ತು. ತುಂಬಿದ ಕೋರ್ಟಿನಲ್ಲಿ ಹಾಗೆನ್ನಲು ನಾಚಿಕೆ. ನಮ್ಮ ಕಡೆ ಹುಳ ಹಣ್ಣಾಗಿ ಗೂಡು ಕಟ್ಟಲು ಬಂತೆಂದರೆ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು. ಆಗ ಹೊರಗಿನವರನ್ನು ಮನೆಯೊಳಕ್ಕೆ ಸೇರಿಸುವುದಿಲ್ಲ, ಮನೆಯ ಹೆಂಗಸರೇ ಆಗಬೇಕು. ಅದೇ ಬಾಯಿಗೆ ಬಂತು.

"ಉಳ ಅಣ್ಣಾದಾಗ ಆರ್ಸಕ್ಕೆ ಕೈ ಸಾಲ್ದು ಸಾ" ಎಂದೆ.

ಜನ ಗೊಳ್ಳೆಂದರು. ಅವಳು ನಗಲಿಲ್ಲ. ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು.

ಆದರೂ ಗೆದ್ದೆ. ನೌಕರಿ ಗಂಡನನ್ನು ಬಿಟ್ಟಿರಲು ಕಾರಣವಾಗದು ಎಂದಿತು ತೀರ್ಪು. ಅವ್ವ ಮನೆ ಸಾರಿಸಿ ಪಾಯಸ ಮಾಡಿದಳು. ಹೆಂಡತಿ ಬರಲಿಲ್ಲ. ತಿಂಗಳು ಕಳೆಯಿತು.

"ಪೊಲೀಸ್ನೋರು ಕರ್ಕಂಡ್ ಬರಕಿಲ್ವಾ ಸಾ?" ಎಂದು ವಕೀಲರನ್ನು ಕೇಳಿದೆ.

"ಅವಳೇನು ಕಳ್ಳತನ ಮಾಡಿದ್ದಾಳೇನಯ್ಯಾ?" ಎಂದರು.

ಹಾಗಾದರೆ ಆ ತೀರ್ಪನ್ನು ಇಟ್ಟುಕೊಂಡು ನೆಕ್ಕಲೇ? ಅದೇ ಕಾನೂನಿನಲ್ಲಿ ಇನ್ನೊಂದು ಮಾತಿತ್ತು, ನನಗೆ ಗೊತ್ತಿರಲಿಲ್ಲ. ತೀರ್ಪಾಗಿ ಎರಡು ವರ್ಷವಾದರೂ ಇಬ್ಬರೂ ಕೂಡಿ ಬಾಳದಿದ್ದರೆ, ಗೆದ್ದವರಾಗಲಿ ಸೋತವರಾಗಲಿ ಬಿಡುಗಡೆ ಕೇಳಬಹುದಂತೆ. ಎರಡು ವರ್ಷ ತುಂಬಿತು, ಅವಳು ಕೇಳಿದಳು. ನಾನು ಹೊಡೆದಾಡಿ ಗೆದ್ದ ತೀರ್ಪನ್ನೇ ಅವಳ ವಕೀಲರು ಸಾಕ್ಷಿಗೆ ಇಟ್ಟರು. ಮದುವೆ ಮುರಿಯಿತು.

ಕೋರ್ಟಿನಿಂದ ಬಸ್ ಸ್ಟ್ಯಾಂಡಿನವರೆಗೂ ಅವಳ ಹಿಂದೆಯೇ ಹೋದೆ. "ಆ ಮೇಷ್ಟ್ರ ಕಟ್ಕತೀಯಾ?" ಎಂದೆ. ಹೂಂ ಎನ್ನಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಒಬ್ಬ ಗಂಡಸಿಗೆ ಸೋತೆ ಎಂದುಕೊಂಡಾದರೂ ಬದುಕಬಹುದಿತ್ತು.

"ಅವರಿಗೆ ವರ್ಗ ಆಗಿ ವರ್ಸ ಆಯ್ತು. ಯಾರೂ ಇಲ್ಲ ಕಣ್ರಿ. ಒಬ್ಳೇ ಇವ್ನಿ, ಸುಕವಾಗಿವ್ನಿ" ಎಂದಳು.

ಯಳಂದೂರಿನ ಬಸ್ಸು ಹತ್ತಿ ಕಿಟಕಿಯ ಬಳಿ ಕೂತಳು. ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲೆ ತನ್ನ ಚೀಲ ಇಟ್ಟುಕೊಂಡಳು. ನನಗೆ ಆ ಚೀಲದ ಮೇಲೂ ಹೊಟ್ಟೆಕಿಚ್ಚಾಯಿತು.