ಕಾರಿಗೆ ಒಗ್ಗದ ಪೆಟ್ರೋಲು

ಕನ್ನಡಕದ ಅಂಗಡಿಯವನ ಹಳೆಯ ಕಾರನ್ನು ಬೀದಿಯವರು ಅವನ ‘ಕಿರಿಯ ಹೆಂಡತಿ’ ಎನ್ನುತ್ತಿದ್ದರು. ಎಥೆನಾಲ್ ಬೆರೆಸಿದ ಪೆಟ್ರೋಲು ಅದಕ್ಕೆ ಒಗ್ಗುವುದಿಲ್ಲವೆಂದು ನಂಬಿ ಅವನು ಎಥೆನಾಲ್ ಇಲ್ಲದ ದುಬಾರಿ ಪ್ರೀಮಿಯಂ ಬಿಟ್ಟು ಬೇರೇನನ್ನೂ ಹಾಕಿಸಿದವನಲ್ಲ.

ಒಂದು ಮಧ್ಯಾಹ್ನ ಹೆಂಡತಿಗೆ ಎದೆನೋವು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರೆ ಟ್ಯಾಂಕು ತಳ ಕಾಣುತ್ತಿತ್ತು.

“ಪ್ರೀಮಿಯಂ ಖಾಲಿ ಸಾರ್, ಮಾಮೂಲಿದು ಹಾಕ್ಲಾ?” ಎಂದಳು ಬಂಕಿನವಳು.

“ಯಾವುದೋ ಒಂದು ಹಾಕಿಸ್ರೀ, ಜೀವ ಹೋಗ್ತಿದೆ,” ಎಂದು ಹೆಂಡತಿ ನರಳಿದಳು.

“ಸುಮ್ನಿರು, ನಿಂಗೇನು ಗೊತ್ತು? ಇಂಜಿನ್ ಕೆಟ್ರೆ ನಿಮ್ಮಪ್ಪ ಕೊಡಿಸ್ತಾನಾ?” ಎಂದು ಗದರಿಸಿದ ಆ ಪುಣ್ಯಾತ್ಮ, ಕಾರನ್ನು ಊರಾಚೆಯ ಬಂಕಿಗೆ ತಿರುಗಿಸಿದ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ನೆಂಟರ ಮುಂದೆ ಅವನು ಕಣ್ಣೊರೆಸಿಕೊಂಡು ಹೇಳಿದ: “ಏನೇ ಹೇಳಿ, ದಾರೀಲಿ ಗಾಡಿ ಮಾತ್ರ ಒಂದ್ಸಲಾನೂ ಕೈಕೊಡ್ಲಿಲ್ಲ.”