ಬನಶಂಕರಮ್ಮನ ಸಮುದ್ರಸ್ನಾನ

ಹಿಂದೂಪುರದಲ್ಲಿ ಕಡಪ ಕಲ್ಲಿನ ಅಂಗಡಿ ಇಟ್ಟುಕೊಂಡಿರುವ ಶಂಕರಯ್ಯ ಬದುಕಿರುವುದೇ ಹೆಂಡತಿಯ ಹರಕೆಯಿಂದ. ಕೋವಿಡ್ ಕಾಲದಲ್ಲಿ ಅವನು ಮೂಗಿಗೆ ಆಕ್ಸಿಜನ್ ಸಿಕ್ಕಿಸಿಕೊಂಡು ಮಲಗಿದ್ದಾಗ ಬನಶಂಕರಮ್ಮ ಚೌಡೇಶ್ವರಿಗೆ ಮಾತು ಕೊಟ್ಟಿದ್ದಳು: ಗಂಡ ಉಳಿದರೆ ಸಮುದ್ರಸ್ನಾನ ಮಾಡುತ್ತೇನೆ, ಅಲ್ಲಿಯವರೆಗೆ ನಾಲಿಗೆಗೆ ಉಪ್ಪು ಮುಟ್ಟಿಸುವುದಿಲ್ಲ. ಸಮುದ್ರವನ್ನೇ ಕಾಣದವಳಿಗೆ ಸಮುದ್ರದ ಹರಕೆ ಯಾಕೆ ಎಂದು ಕೇಳಬೇಡಿ. ಒಂದು ತೆಂಗಿನಕಾಯಿಗೆ ಬಗ್ಗುವ ಕಾಯಿಲೆ ಅದಾಗಿರಲಿಲ್ಲ.

ದೇವಿ ತನ್ನ ಪಾಲಿನದನ್ನು ಮಾಡಿದಳು. ಬನಶಂಕರಮ್ಮನ ಕೈಲಿ ಆಗಲಿಲ್ಲ. ಬಸ್ಸಾಗಲಿ ರೈಲಾಗಲಿ ಕಾರಾಗಲಿ, ಹತ್ತಿದರೆ ಆಕೆಗೆ ವಾಂತಿ. ಎಷ್ಟು ಸಲ ಹೊರಟರೂ ಪೆನುಕೊಂಡದ ಬೆಟ್ಟ ಕಾಣುವಷ್ಟರಲ್ಲಿ ಕಣ್ಣು ಮೇಲೆ ಮಾಡುತ್ತಿದ್ದಳು, ಶಂಕರಯ್ಯ ಅಲ್ಲೇ ಇಳಿಸಿ ಎಳನೀರು ಕುಡಿಸಿ ವಾಪಸು ಕರೆತರುತ್ತಿದ್ದ. ಅಲ್ಲಿಂದ ಸಮುದ್ರಕ್ಕೆ ಇನ್ನೂ ಒಂದು ರಾಜ್ಯದಷ್ಟು ದಾರಿ.

ಈ ಬೇಸಿಗೆಯಲ್ಲಿ ಆಕೆ ಅಂಗಡಿಯ ಮುಂದೆಯೇ ತಲೆಸುತ್ತಿ ಬಿದ್ದಳು. ಡಾಕ್ಟರು ರಕ್ತ ನೋಡಿ, ಮೈಯಲ್ಲಿ ಉಪ್ಪೇ ಇಲ್ಲ, ತಿನ್ನದಿದ್ದರೆ ಜೀವಕ್ಕೆ ಅಪಾಯ ಎಂದು ಗದರಿದರು.

"ನಾನು ಉಪ್ಪು ತಿಂದ್ರೆ ಇವರು ಹೋಗ್ಬುಡ್ತಾರೆ ಡಾಕ್ಟ್ರೇ," ಎಂದಳು ಬನಶಂಕರಮ್ಮ, ಪಕ್ಕದಲ್ಲಿ ನಿಂತ ಗಂಡನನ್ನು ತೋರಿಸಿ.

ಶಂಕರಯ್ಯ ಡಾಕ್ಟರ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. ತಾನು ಉಳಿದದ್ದಕ್ಕೆ ಇವಳು ಸಾಯುವುದು ಯಾವ ನ್ಯಾಯ? ಆಗ ನೆನಪಾದವಳು ನಾದಿನಿಯ ಮಗಳು ಧನಲಕ್ಷ್ಮಿ. ಕಲ್ಯಾಣದುರ್ಗದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳಿಕೊಡುವ ಹುಡುಗಿ. ಒಮ್ಮೆ ಅಂಗಡಿಗೆ ಬಂದಾಗ, "ದೊಡ್ಡಪ್ಪಾ, ನೀನು ಮಾರ್ತಿರೋದು ಸಮುದ್ರದ ತಳ ಕಣಪ್ಪ," ಎಂದು ನಕ್ಕಿದ್ದಳು. ಶಂಕರಯ್ಯ ಪಟ್ಟೆಪಟ್ಟೆಯಾಗಿದ್ದ ಒಂದು ದಪ್ಪ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದ. ಕಂಡಕ್ಟರು ಏನದು ಎಂದ. ಸಮುದ್ರ ಎಂದ ಶಂಕರಯ್ಯ. ಕಂಡಕ್ಟರು ಎತ್ತಿ ನೋಡಿ ಸಮುದ್ರಕ್ಕೆ ಲಗೇಜು ಟಿಕೀಟು ಹರಿದ.

ಧನಲಕ್ಷ್ಮಿ ಕಲ್ಲನ್ನು ತಿರುಗಿಸಿ ತೋರಿಸಿದಳು. "ಕೆಳಗಿನ ಪಟ್ಟೆ ಮರಳು. ಆಗ ದಡ ಇಲ್ಲೇ ಇತ್ತು. ಆಮೇಲೆ ಸಮುದ್ರ ಏರ್ತು, ದಡ ದೂರ ಹೋಯ್ತು, ಮರಳು ಇಲ್ಲಿವರ್ಗೂ ಬರ್ಲೇ ಇಲ್ಲ. ತಿಳಿನೀರಲ್ಲಿ ಸುಣ್ಣದ ಕೆಸರು ಕೂತ್ಕೊಂಡು ಈ ಬೂದಿ ಪಟ್ಟೆ ಆಯ್ತು. ಮತ್ತೆ ಸಮುದ್ರ ಇಳೀತು, ದಡ ವಾಪಸ್ ಬಂತು, ಮೇಲೆ ಮತ್ತೆ ಮರಳು. ಹಿಂಗೇ ನೂರು ಕೋಟಿ ವರ್ಷಕ್ಕೂ ಹಿಂದೆ ಏರೋದು, ಇಳಿಯೋದು."

"ಅಂದ್ರೆ ಇದ್ರ ಮೇಲೆ ಕೂತು ಮಿಂದ್ರೆ ಸಮುದ್ರಸ್ನಾನ ತಾನೇ?"

ಧನಲಕ್ಷ್ಮಿ ದೊಡ್ಡಪ್ಪನ ಮುಖ ನೋಡಿ, "ಅದನ್ನ ಪೂಜಾರಿನೇ ಹೇಳ್ಬೇಕು," ಎಂದಳು. ಅವನ ಜೊತೆಯಲ್ಲೇ ಹಿಂದೂಪುರಕ್ಕೆ ಹೊರಟಳು.

ಚೌಡೇಶ್ವರಿ ಗುಡಿಯ ಪೂಜಾರಿ ಓಬುಳಪತಿ ಈ ಪ್ರಶ್ನೆಯನ್ನು ತಮಾಷೆ ಎಂದುಕೊಳ್ಳಲಿಲ್ಲ, ಅದೇ ಕಷ್ಟವಾಯಿತು. ಅಂಗಡಿಯಿಂದ ಅದೇ ಪಟ್ಟೆಗಳ ದೊಡ್ಡ ಚಪ್ಪಡಿ ತರಿಸಿ, ಶಂಕರಯ್ಯನ ಮನೆಯ ಹಿತ್ತಲಲ್ಲಿ ಹಾಸಿಸಿ, ಅದರ ಸುತ್ತಲೂ ಬಂದು ನೋಡಿದ. "ಮೇಲಿರೋದು ಮರಳಲ್ಲವಾ? ಅಂದ್ರೆ ಸಮುದ್ರ ಇಳಿದೋಗೈತೆ. ಇಲ್ಲಿ ಕೂತ್ರೆ ಆಯಮ್ಮ ದಡದಾಗೆ ಕೂತಂಗೆ. ಚೆಲ್ಲದು ಶಂಕರಯ್ಯಾ, ಹರಕೆ ಸಂದಂಗಾಗಲ್ಲ."

"ಮಗುಚಿ ಹಾಕಿದ್ರೆ?"

"ಮಗುಚಿದ್ರೂ ಮರಳೇ. ಮೇಲಾಗಿ ಕಾಲವೇ ತಲೆಕೆಳಗಾಯ್ತದೆ," ಎಂದ ಓಬುಳಪತಿ. ಈ ಮಾತಿಗೆ ಧನಲಕ್ಷ್ಮಿಯೂ ತಲೆಯಾಡಿಸಬೇಕಾಯಿತು. ಕೊನೆಗೆ ಕೆಲಸದವರು ಉಳಿ ಹಿಡಿದು ಮೇಲಿನ ಮರಳಿನ ಪದರವನ್ನು ಎಬ್ಬಿಸಿದರು. ಬೂದಿ ಬಣ್ಣದ ಸುಣ್ಣಕಲ್ಲು ಹೊರಬಂತು. ಈಗ ಸಮುದ್ರ ತುಂಬಿದೆ ಎಂದು ಓಬುಳಪತಿ ಘೋಷಿಸಿದ. ಹಿಂದೂಪುರದ ಆ ಹಿತ್ತಲಲ್ಲಿ ಒಂದು ತೊಟ್ಟು ನೀರಿರಲಿಲ್ಲ, ಟ್ಯಾಂಕರು ಇನ್ನೂ ಬರಬೇಕಿತ್ತು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಬನಶಂಕರಮ್ಮ ಕೇಳಿದಳು. "ಸಮುದ್ರ ಅಂದ್ಮೇಲೆ ನೀರು ಉಪ್ಪಿರಬೇಕಲ್ಲ?"

ಇರಬೇಕು ಎಂದು ಎಲ್ಲರೂ ಒಪ್ಪಿದರು. ಟ್ಯಾಂಕರು ಬಂದ ಮೇಲೆ ಹಂಡೆಗೆ ಕಲ್ಲುಪ್ಪು ಸುರಿದು ಕಲಕಿದರು. ಮೂರು ಬಿಂದಿಗೆ ತಲೆಯ ಮೇಲೆ ಬಿದ್ದರೆ ಸ್ನಾನ ಮುಗಿಯಿತು, ಆಮೇಲೆ ಉಪ್ಪು ತಿನ್ನಬಹುದು ಎಂದು ಓಬುಳಪತಿ ಕಟ್ಟಳೆ ಮಾಡಿದ. ಬನಶಂಕರಮ್ಮ ಸೀರೆಯುಟ್ಟೇ ಚಪ್ಪಡಿಯ ಮೇಲೆ ಕುಳಿತು, ಬಾಯಿ ಬಿಗಿದು ಕಣ್ಣು ಮುಚ್ಚಿದಳು. ಧನಲಕ್ಷ್ಮಿ ಮೊದಲ ಬಿಂದಿಗೆ ಸುರಿದಳು. ಎರಡನೆಯದು ಸುರಿಯುವಾಗ ನೀರು ಮೂಗಿಗೆ ಹೋಗಿ ಬನಶಂಕರಮ್ಮ ಕೆಮ್ಮಿದಳು. ಬಾಯಿ ತೆರೆಯಿತು. ಉಪ್ಪುನೀರು ನಾಲಿಗೆಗೆ ಇಳಿಯಿತು.

ಮೂರನೆಯ ಬಿಂದಿಗೆ ಧನಲಕ್ಷ್ಮಿಯ ಕೈಯಲ್ಲೇ ನಿಂತಿತು. ಹರಕೆ ಮುರಿದಿತ್ತು. ಎಲ್ಲರೂ ಶಂಕರಯ್ಯನ ಕಡೆ ತಿರುಗಿ, ಅವನು ಯಾವ ಪಕ್ಕಕ್ಕೆ ಬೀಳುತ್ತಾನೋ ಎಂದು ನೋಡಿದರು. ಓಬುಳಪತಿ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ. ಶಂಕರಯ್ಯನಿಗೂ ತನ್ನ ಮೇಲೆ ನಂಬಿಕೆಯಿರಲಿಲ್ಲ, ಅಲ್ಲಾಡದೆ ನಿಂತ.

"ಉಸಿರಾಡ್ರೀ!" ಎಂದು ಕಿರುಚಿದಳು ಬನಶಂಕರಮ್ಮ.

ಆಗಲೇ ಅವನಿಗೆ ತಾನು ಉಸಿರು ಕಟ್ಟಿಕೊಂಡು ನಿಂತಿರುವುದು ಗೊತ್ತಾದದ್ದು. ಉಸಿರು ಬಿಟ್ಟ. ಮತ್ತೆ ಎಳೆದುಕೊಂಡ. ಓಡಿಹೋಗಿ ಆಕೆಯ ಎದುರು ಆ ಒದ್ದೆ ಕಲ್ಲಿನ ಮೇಲೆ ಕುಕ್ಕರಿಸಿದ. ಆಕೆ ಅವನ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಅಂಗೈ ಒತ್ತಿದಳು. ಬಹಳ ಹೊತ್ತು ಹಾಗೇ ಒತ್ತಿಕೊಂಡಿದ್ದಳು. ಟ್ಯಾಂಕರಿನವನು ಹಾರ್ನ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

"ಬಡೀತೈತೆ," ಎಂದಳು. ಕಣ್ಣಲ್ಲಿ ನೀರಿತ್ತು.

"ಬಡೀತೈತೆ ಕಣೇ. ನಾನೆಲ್ಲೂ ಹೋಗಲ್ಲ, ನೀನೂ ಹೋಗ್ಬೇಡ," ಎಂದ ಶಂಕರಯ್ಯ.

ಬನಶಂಕರಮ್ಮ ಅಂಗೈಯನ್ನು ಅವನ ಎದೆಯಿಂದ ತೆಗೆಯಲಿಲ್ಲ. ಅವನ ಮುಖವನ್ನೇ ನೋಡುತ್ತಾ, ತುಟಿಯ ಮೇಲೆ ಉಳಿದಿದ್ದ ಉಪ್ಪನ್ನು ಈ ಸಲ ಬೇಕೆಂದೇ ನೆಕ್ಕಿಕೊಂಡಳು.